ಜಪಾನ್ ಬೇಕರಿಯ ಕೂಸು

…ಏಳಬ್ಯಾಡ, ಏಳಬ್ಯಾಡ ಪಂಪೇಶ, ಕುಂದ್ರು! ಹೊಡ್ಯಾಕ ಬಂದಿಲ್ಲ ನಾನು. ಕೈ ನೋಡು, ಖಾಲಿ. ಖಾಲಿ ಎಲ್ಲಿ, ಒಂದು ಕೈಯಾಗ ಟ್ರೇ ಐತಿ, ಇನ್ನೊಂದರಾಗ ಇಕ್ಕಳ ಐತಿ. ಇಕ್ಕಳ ನೋಡಿ ಯಾಕ ಹಿಂದಕ್ಕ ಸರೀತಿ? ನಿಮ್ಮ ಅಂಗಡೀದ ಇಕ್ಕಳಪ್ಪ ಇದು, ಬ್ರೆಡ್ ಎತ್ತೋದು! ಬಾಗಲದಾಗ ನೀವ ಬರದು ಹಾಕೀರಿ, ಟ್ರೇ ತಗೊಳ್ಳಿ, ಇಕ್ಕಳದಿಂದ ಎತ್ತಿಕೊಳ್ಳಿ, ಕೈಯಿಂದ ಮುಟ್ಟಬೇಡಿ ಅಂತ. ಓದೀನಿ. ಮುಟ್ಟಿಲ್ಲ. ಹಾಂ… ಇಟ್ಟೆ ನೋಡು, ಇಕ್ಕಳ ಆ ಕಡೆ ಇಟ್ಟೆ. ಈಗಾರ ಕುಂದ್ರು.

ಬಾಗಲ ಯಾಕ ನೋಡ್ತಿ? ಯಾರೂ ಬರಂಗಿಲ್ಲ. ನಿಮ್ಮ ಮಾಲಕಿ ರಮಾ ಮೇಡಂ ಗಾಡಿ ತಗಂಡು ಹಂಪಿ ಕಡೆ ಹೋದ್ರು, ಫಾರಿನ್ನರ ಗೆಸ್ಟ್‌ಹೌಸಿಗೆ ಬ್ರೆಡ್ ಕೊಡಾಕ. ನಮ್ಮ ತಂಗಿ ಶಿಲ್ಪಶ್ರೀನೂ ಅವರ ಜೊತಿಗೆ ಹೋದ್ಲು. ಗಲ್ಲಾದ ಮ್ಯಾಲೆ ಕುಂದ್ರೋ ಕರೆಮ್ಮ ಊಟಕ್ಕ ಎದ್ಲು. ಎಲ್ಲಾ ನೋಡಿಕಂಡ ಬಂದೀನಿ. ಎದುರಿನ ಪಂಚರ್ ಅಂಗಡ್ಯಾಗ ಒಂದು ತಾಸಿನಿಂದ ಕುಂತಿದ್ದೆ, ನೀ ಒಬ್ಬನ ಸಿಗಲಿ ಅಂತ. ಜಾಮೀನು ಕೊಡಬೇಕಾದ್ರ ಜಡ್ಜ್ ಸಾಹೇಬ್ರು ಅಂದಾರ, ಖರೆ, ನಿನ್ನ ಹತ್ರ ಸುಳೀಬ್ಯಾಡ ಅಂತ. ಬ್ರೆಡ್ ತಿನ್ನಬ್ಯಾಡ ಅಂತ ಅಂದಿಲ್ಲಲ್ಲ!

ನಗವಲ್ಲಿ… ಹಾಂ. ಮರತೆ. ನಗಾಕ ಬರಂಗಿಲ್ಲ ನಿನಗ. ದವಡಿಗೆ ತಂತಿ ಬಿಗದಾರ. ಇಪ್ಪತ್ತೆರಡು ದಿನ ಆತಲ್ಲ? ಇನ್ನ ಎಷ್ಟು ದಿನ ಅಂತಾರ ಡಾಕ್ಟ್ರು? ಎಡಗೈ ಬೆರಳಿನ್ಯಾಗ ತೋರ್ಸು ಸಾಕು. ಬ್ಯಾಡೇನು? ಬ್ಯಾಡ ಬಿಡು.

ನನಗ ಹಸಿವಾಗೈತಿ. ಒಂದೊಂದು ನಮೂನಿದು ಒಂದೊಂದು ಎತ್ತಿಕಂಡು ಬಂದೀನಿ. ಇದು ತತ್ತಿ ಸ್ಯಾಂಡ್‌ವಿಚ್ಚಲ್ಲ? ತಡಿ, ಮೊದಲು ಇದು… ಅಬ್ಬ! ಬಾಯಾಗ ಇಡೋದರಾಗ ಕರಗಿ ಹೋತಲ್ಲೋ! ಹಲ್ಲಿಗೆ ಕೆಲಸನ ಇಲ್ಲ. ಮಸ್ತ್ ಐತಿ. ನೀನೂ ಒಂದು ಚೂರು… ಹಾಂ ಹಾಂ, ತಂತಿ. ಹಾಲಿನಾಗ ಅದ್ದಿ ಕೊಡ್ಲಾ? ಏನು ಕುಡೀತಿ ಈಗ ನೀನು, ಗಂಜಿನ? ಪೈಪ್ ಹಚ್ಚಿಕಂಡು?

ಮತ್ತ ಇದರ ಅಂಚು ಎಲ್ಲಿ? ನಾಕೂ ಕಡೆ ಕೊಯ್ದು ಒಗದೀರಲ್ಲ! ನಾವು ಸಣ್ಣೋರಿದ್ದಾಗ ರೊಟ್ಟಿ ಅಂಚು ಬಿಟ್ರ ನಮ್ಮಪ್ಪ ತಾಟು ಎತ್ತಿ ಮುಖಕ್ಕ ಬಡೀತಿದ್ದ. ಈ ಹುಬ್ಬಿನ ಮ್ಯಾಲೆ ಗೀರು ಐತಲ್ಲ, ಅದ. ಅಂಚು ಬಿಟ್ಟದ್ದಕ್ಕ. ಏಳು ವರ್ಷ ಇರಬೇಕು ನನಗ. ರಕ್ತ ಒರಸಿಕಂಡು ಅದ ಅಂಚು ತಿಂದೀನಿ, ನಮ್ಮಪ್ಪ ಎದುರಿಗೆ ಕುಂತು ತಿನ್ನಿಸ್ಯಾನ… ನೋಡು, ಯಾಕ ಹೇಳಾಕತ್ತೀನಿ ಇದನ್ನ ನಿನಗ! ಕೇಳಿದ್ದು ನೀನಲ್ಲ, ಹೇಳಿದ್ದು ನಾನ.

ಒಂದು ಮಾತು ತಿಳಕ ಪಂಪೇಶ. ನಾನು ಇಲ್ಲಿ ಕುಂತು ತಿನ್ನಾಕತ್ತಿದ್ದು ಸಣ್ಣ ಮಾತಲ್ಲ. ಒಂದ ಊರಿನೋರು ನಾವು, ಪಾಪಿನಾಯಕನಹಳ್ಳಿಯೋರು. ಆದ್ರ ನಿಮ್ಮ ಓಣಿ ಬ್ಯಾರೆ, ನಮ್ಮ ಓಣಿ ಬ್ಯಾರೆ. ನಿಮ್ಮವ್ವ ಹುಲುಗಮ್ಮ ನಮ್ಮ ಹಿತ್ತಲ ಬಾಗಲಿಗೆ ಬಂದು ಬೊಗಸಿ ಒಡ್ಡತಿದ್ಲು, ನಮ್ಮವ್ವ ತಾಯಕ್ಕ ಮ್ಯಾಲಿಂದ ಮಜ್ಜಿಗಿ ಹೊಯ್ತಿದ್ಲು. ಮುಟ್ಟದಂಗ. ಅದು ಹಳೇ ಕಾಲ ಅಂತಿ ನೀನು… ಎಲ್ಲಿ ಹಳೇ ಕಾಲಲೇ, ನಾ ನನ್ನ ಕಣ್ಣಿಲೆ ನೋಡೀನಿ. ನಿಮ್ಮಪ್ಪ ಮನ್ಯಾಗ ಬುದ್ಧನ ಫೋಟೋ ಹಾಕ್ದ. ನಿನ್ನ ಓದ್ಸಿದ. ನೀ ಬಂದು ಈ ಬೇಕರಿ ಸೇರ್ದಿ, ರಮಾ ಮೇಡಂ ಜಪಾನಿನಾಗ ನಾಕು ವರ್ಷ ಇದ್ದು ಕಲ್ತು ಬಂದದ್ದನ್ನ ನೀ ಇಲ್ಲೇ ಹೊಸಪೇಟ್ಯಾಗ ಎರಡು ವರ್ಷದಾಗ ಕಲ್ತು ಬಿಟ್ಟಿ. ಶಾಣ್ಯಾ ಅದಿ, ಇಲ್ಲ ಅನ್ನಂಗಿಲ್ಲ. ಆದ್ರೂ ನಮ್ಮ ಮಂದಿ ಯಾರೂ ಇವತ್ತಿನ ಮಟ ನಿನ್ನ ಕೈಯಾಗಿಂದು ತಿಂದಿಲ್ಲ. ನಾನು ತಿನ್ನಾಕತ್ತೀನಿ. ಕಿಡಕಿ ಮುಂದ ಕುಂತು, ರೋಡಿನಾಗ ಹೋಗೋರು ಕಾಣಂಗ! ಕಾಲು ಬಿದ್ದಂಗ ಅಲ್ಲೇನು ಇದು? ಇನ್ನೇನು ಬೇಕಲೇ ನಿನಗ?

ನೀ ಇನ್ನೂ ಹಂಗ ನೋಡಾಕತ್ತಿ.

ನೋಡಬ್ಯಾಡ ಹಂಗ. ಎಲ್ಲಾ ಒಪ್ಪಿಕಂಡೀನಿ ನಾನು. ಹೊಡದೀನಿ. ಇಲ್ಲ ಅಂದೀನೇನು? ಟೇಸನ್ನಿಗೆ ನಾನ ನಡಕಂಡು ಹೋದೆ. ಜಂಬುನಾಥ ಅನ್ನೋ ನಾನು, ಸಂಡೂರು ಗಣಿಯಾಗ ಹಿಟಾಚಿ ಓಡ್ಸಾಂವ, ನನ್ನ ತಂಗಿ ಶಿಲ್ಪಶ್ರೀ ಇವನಿಂದ ಬಸುರಾಗ್ಯಾಳ ಅಂತ ತಪ್ಪು ತಿಳಕಂಡು, ಸಿಟ್ಟಿನಾಗ ಹೊಡದೀನಿ ಅಂತ ಬರಸೀನಿ. ಖರೇನ ಬರಸೀನಿ. ಊರಿಗೆ ಊರ ನಂಬೈತಿ. ನಿಮ್ಮ ಓಣಿ ದುರುಗಣ್ಣ ಹಿರೇಮನುಷ್ಯ, ಆತನೂ ಅಂದ, ಒಡಹುಟ್ಟಿದೋಳು, ಕರುಳು ತಡೀಲಿಲ್ಲ ಪಾಪ ಅಂತ. ಈಗ ಉಳಿದಿದ್ದು ನಿಂದೊಂದು ಮಾತು. ನಾಳೆ ನಿನ್ನ ಹೇಳಿಕಿ ತಗಣಾಕ ಬರ್ತಾರ. ಬಾಯಿ ಇಲ್ಲ, ಬಲಗೈಗೆ ಪ್ಲಾಸ್ಟರ್, ಅದಕ್ಕ ಅವರ ಕೇಳ್ತಾರ, ನೀ ತಲಿ ಅಲ್ಲಾಡಿಸೋದು. ತಪ್ಪು ತಿಳಕಂಡು ಹೊಡದ್ನೇನಪ್ಪ ಅಂತ ಕೇಳ್ತಾರ. ಹೌದು ಅಂತ ಒಮ್ಮೆ ಹಿಂಗ… ಮ್ಯಾಲೆ, ಕೆಳಗ. ಅಷ್ಟ. ಒಂದು ಸಲ. ಅಷ್ಟಕ್ಕ ಬಂದೀನಿ ನಾನು.

ಈಗ ಒಮ್ಮೆ ತೋರ್ಸು ನೋಡೋಣ. ಮ್ಯಾಲೆ, ಕೆಳಗ…

ಇಲ್ಲೇನು?

ಸರಿ. ಜಲ್ದಿ ಇಲ್ಲ. ನಾ ತಿಂತಾ ಇರ್ತೀನಿ.

ಇದು ಹಣ್ಣಿಂದು ಅಲ್ಲ? ಕೆನಿ ಹಚ್ಚಿ ನಡುವ ಹಣ್ಣಿಟ್ಟೀರಿ. ಕಂಪ್ಲಿ ಬಾಳಿಹಣ್ಣ ಇದು, ನಾ ಮೂಸಿನೋಡೇ ಹೇಳ್ತೀನಿ. ಬ್ರೆಡ್ಡಿನಾಗ ಬಾಳಿಹಣ್ಣು! ಮತ್ತ ಇದು ಎಣ್ಣ್ಯಾಗ ಕರದದ್ದು… ಕರಿ ಪಾನ್ ಅಂತ ಬರದೀರಿ. ಪಾನ್ ಅಂದ್ರ ನಾ ಎಲಿ ಅಡಿಕಿ ಅಂದ್ಕಂಡು ಸುತ್ತಾ ಮುತ್ತಾ ಸುಣ್ಣ ಹುಡುಕಿದೆ! ಅಲ್ಲಂತ. ಜಪಾನಿನಾಗ ಬ್ರೆಡ್ಡಿಗೇ ಪಾನ್ ಅಂತಾರಂತ, ಹೋದ ತಿಂಗಳು ಶಿಲ್ಪಶ್ರೀ ಹೇಳಿದ್ಲು, ಮಾತಾಡ್ತಿದ್ದಾಗ. ಒಳಗ ಬಟಾಟಿ ಪಲ್ಯ. ಖಾರ ಐತಿ, ಚೊಲೋ ಐತಿ, ನಮ್ಮ ಮಿರ್ಚಿ ಭಜಿ ಇದ್ದಂಗ. ಈ ದುಂಡಗಿಂದು ಏನು? ಮೆಲನ್ ಪಾನ್. ಮೆಲನ್ ಅಂದ್ರ ಕರಬೂಜ. ಒಳಗ ಕರಬೂಜ ಇರ್ತೈತಿ ಅಂತ ಹರದೆ… ನೋಡು, ಏನೂ ಇಲ್ಲ! ಬರೇ ಬ್ರೆಡ್ಡು, ಮ್ಯಾಲೆ ಸಕ್ರಿ ಪದರು. ಇದು? ಇದರಾಗ ಅಲಸಂದಿ ಹೂರಣ. ಹೋಳಿಗಿ ಅನ್ನಬೇಕೋ ಬ್ರೆಡ್ ಅನ್ನಬೇಕೋ ಇದಕ್ಕ?

ಹೆಸರೊಂದು, ಒಳಗೊಂದು. ನಿಮ್ಮ ಅಂಗಡಿ ತುಂಬಾ ಹಿಂಗ. ಹಿಂಗಿದ್ದ ಮ್ಯಾಲೆ ಕೂಸು ಅಂದ್ರ ಹಿಟ್ಟು ಅಂತ ಹೊರಗಿನಾಂವಗ ಹೆಂಗ ತಿಳೀಬೇಕಲೇ? ನೀನ ಹೇಳು! ಹಿಟ್ಟಿಗೆ ಹಿಟ್ಟು ಅಂದಿದ್ರ ಏನು ಗಂಟು ಹೋಗ್ತಿತ್ತು ನಿಮ್ಮದು? ಡಬ್ಬ್ಯಾಗ ಹುಳಿ ಹಿಟ್ಟು ಇಟ್ಟು, ದಿನಾ ಎರಡು ಹೊತ್ತು ಅದಕ್ಕ ಮೈದಾ, ನೀರು ಉಣಿಸಬೇಕು, ಥಂಡಿ ಆಗಬಾರ್ದು, ಬಟ್ಟಿ ಹೊದಸಬೇಕು, ಉಕ್ಕಿದ್ರ ಒಂದೀಟು ತೆಗದು ಒಗೀಬೇಕು ಅಂತ, ಅದಕ್ಕ ನೀವೆಲ್ಲಾ ಕೂಸು ಅಂತ ಹೆಸರಿಟ್ಟು ಮುದ್ದು ಮಾಡೀರಿ. ಒಳಗಿನೋರಿಗೆ ಅದು ಆಟ. ನನಗ ಏನು ಗೊತ್ತು?

ನಾ ಓದಿದ್ದು ಏನು ಗೊತ್ತೇನು ನಿನಗ? ಅವತ್ತು ನಂದು ರಾತ್ರಿ ಪಾಳಿ ಮುಗದಿತ್ತು. ಮಧ್ಯಾಹ್ನ ಎದ್ದು ಕುಂತಿದ್ದೆ. ಅಕಿ ಇಲ್ಲಿಂದ ಬಂದು ಉಣ್ಣದೆ ಮಲಗಿದ್ಲು, ಫೋನು ಗೂಡಿನಾಗ ಚಾರ್ಜಿಗೆ ಇತ್ತು. ಟಣ್ ಅಂತು. ಪಂಪಣ್ಣ ಬೇಕರಿ ಅಂತ ಬಂತು. ತೆಗದೆ. ಅಕಿ ಬರದಾಳ, ಪಂಪಣ್ಣ, ಕೂಸು ಭಾಳ ಬೆಳದೈತಿ, ಇನ್ನ ಮುಚ್ಚಿಡಾಕ ಆಗಂಗಿಲ್ಲ. ಅದಕ್ಕ ನೀ ಬರದಿ, ಹೆದರಬ್ಯಾಡ, ಮೇಡಂಗೆ ಹೇಳಬ್ಯಾಡ, ನಾಳೆ ನಾ ಬಂದು ತೆಗೀತೀನಿ. ಕೆಳಗ ಒಂದು ನಗೋ ಗೊಂಬಿ! ತೆಗೀತೀನಿ ಅಂತ ಬರದು ನಗೋ ಗೊಂಬಿ ಹಾಕೀಯಲ್ಲಲೇ! ನೀ ನನ್ನ ಜಾಗದಾಗ ಇದ್ರ ಏನು ತಿಳಕಂತಿದ್ದಿ? ಹಾಂ? ತಲಿ ತಗ್ಗಿಸ್ತಿ. ತಗ್ಗಿಸು. ತಗ್ಗಿಸಬೇಕಾದ್ದ.

ಪಂಪಣ್ಣ ಅಂತ ಅಣ್ಣ ಹಚ್ಚಿ ಕರದಾಳಲ್ಲ ಅಂತಿ. ಅದ ಇನ್ನೂ ಉರೀತು ನನಗ. ಅಣ್ಣ ಅಂತ ಇಲ್ಲಿ ನಾನೊಬ್ಬ ಬದುಕೀನಲ್ಲ! ಅದೂ ಅಲ್ಲದ ಒಂದು ತಿಂಗಳಿಂದ ಅಕಿ ಮನ್ಯಾಗ ರೊಟ್ಟಿ ಮುಟ್ಟವಲ್ಲಳು. ಬೆಳಿಗ್ಗೆ ಎದ್ರ ಊಟ ಬ್ಯಾಡ. ಬಟ್ಟಿಯಾಗ ಏನೋ ಹುಳಿ ವಾಸನಿ. ನಮ್ಮವ್ವನ ಅಂದಿದ್ಲು, ಯಾಕೋ ಹುಡುಗಿ ಮೈಯಾಗ ಸರಿ ಇಲ್ಲ ಅಂತ. ಎಲ್ಲಾ ಕೂಡಿಸಿದೆ ನಾನು. ಒಂದೊಂದ ಕೂಡಿಸಿಕಂತ ಹೋದೆ. ಅಕಿನ್ನ ಎಬ್ಬಿಸಿ ಕೇಳಬಹುದಿತ್ತು. ಕೇಳಲಿಲ್ಲ. ನಮ್ಮವ್ವ ದಿನಾ ಅದನ್ನ ಅಂತಾಳ ಈಗ, ಕಣ್ಣಾರೆ ಕಂಡ್ರೂ ಪರಾಂಬರಿಸಿ ನೋಡಬೇಕಿತ್ತಲ್ಲೋ ಜಂಬ್ಯಾ, ಸಿಟ್ಟಿನಾಗ ಕೊಯ್ದ ಮೂಗು ಶಾಂತ ಆದ ಮ್ಯಾಲೆ ಬರ್ತೈತೇನೋ ಅಂತ. ಬರಂಗಿಲ್ಲ. ಗೊತ್ತು. ಮೂಗು ಬರಂಗಿಲ್ಲ, ಮೂಗು ಕೊಯ್ದಾಂವ ಎಲ್ಲಿಗೆ ಹೋಗಬೇಕು? ಅದನ್ನ ಯಾರೂ ಹೇಳಂಗಿಲ್ಲ.

ಜಾಕಿ ರಾಡು ಬೈಕಿಗೆ ಕಟ್ಟಿಕಂಡು ಹೋದೆ. ಕಾಲುವಿ ದಾರ್ಯಾಗ ನಿಂತೆ, ನೀ ಅದ ದಾರಿಗೆ ಮನಿಗೆ ಹೋಗ್ತಿ ಅಂತ ಗೊತ್ತಿತ್ತು. ಐದು ಗಂಟಿ. ಇನ್ನೂ ಬಿಸಲು ಕಣ್ಣಿಗೆ ಹೊಡೀತಿತ್ತು. ಕಬ್ಬಿನ ಲಾರಿ ಎರಡು ಹೋದವು, ಮೂರನೇದು ನಿನ್ನ ಬೈಕು. ಕೈ ಮಾಡಿದೆ, ನಿಂತಿ. ಜಂಬಣ್ಣಾ, ಇಲ್ಲೇನು ಮಾಡಾಕತ್ತಿ ಬಿಸಲಾಗ ಅಂತ ನಗಕಂತ ಕೇಳಿದಿ. ಹ್ಯಾಂಡಲ್ಲಿಗೆ ಬ್ರೆಡ್ಡಿನ ಕವರು ತೂಗುಬಿಟ್ಟಿದ್ದಿ. ಆ ನಗು ನೋಡಿ ನನಗ ಆ ಫೋನಿನಾಗಿನ ಗೊಂಬಿನ ಕಂಡಂಗಾತು.

ನಾ ಹೇಳಬೇಕು ಇದನ್ನ. ನಿನಗೂ ಗೊತ್ತಿರಬೇಕು ಹೆಂಗಾತು ಅಂತ. ನೀ ಅದನ್ನ ಸರಿಯಾಗಿ ತಿಳಕಂಡ್ರ ನಾಳೆ ತಲಿ ಅಲ್ಲಾಡಿಸಾಕ ಹಗುರ ಆಗ್ತೈತಿ.

ಮೊದಲನೇದು ಕೈಗೆ ಬಿತ್ತು. ನಾ ಬೀಸಿದ್ದು ಹೆಗಲಿಗೆ, ನೀ ಬಲಗೈ ಅಡ್ಡ ತಂದಿ, ಅದಕ್ಕ ಬಿತ್ತು. ಲಟಕ್ ಅಂತು. ಆ ಸಪ್ಪಳ ನನಗ ಹೊಸದು. ಹಿಟಾಚಿಲೆ ಗುಡ್ಡ ಕಿತ್ತೀನಿ, ಬಂಡಿಗಲ್ಲು ಒಡದೀನಿ, ಎಲುಬು ಮುರಿಯೋ ಸಪ್ಪಳ ಅದ ಮೊದಲು. ಬೈಕು ಬಿತ್ತು, ಬ್ರೆಡ್ಡು ಧೂಳಾಗ ಬಿತ್ತು. ನಾ ಅದನ್ನ ತುಳಕಂಡ ಮುಂದ ಬಂದೆ, ಕಾಲಾಗ ಮೆತ್ತಗ ಹತ್ತಿತು. ನೀ ಮೊಣಕಾಲಿನ ಮ್ಯಾಲೆ ಕುಂತಿದ್ದಿ, ಕೈ ಹಿಡಕಂಡು. ಆಮ್ಯಾಲೆ ನೀ ಏನೋ… ಏನೂ ಅನ್ನಲಿಲ್ಲ ನೀನು. ಒದರಿದಿ ಅಷ್ಟ. ಎಲ್ಲಾರೂ ಒದರ್ತಾರ. ಆಮ್ಯಾಲೆ ದವಡಿಗೆ ಬಿತ್ತು. ಆಮ್ಯಾಲೆ ನೀ ಒದರಲಿಲ್ಲ. ಬಾಯಾಗಿಂದ ಹಲ್ಲು, ರಕ್ತ, ಜೊಲ್ಲು… ಪಕ್ಕೆಲುಬಿಗೆ ಒದ್ದೆ. ಬೆನ್ನಿಗೆ ಹಾಕಿದೆ. ತಲಿಗೆ ಯಾವಾಗ ಬಿತ್ತೋ ನನಗೂ ಗೊತ್ತಿಲ್ಲ. ನಾಕು ಏಟು ಅಂತ ಟೇಸನ್ನಿನಾಗ ಬರಸಿದ್ದೆ, ಡಾಕ್ಟ್ರು ಹದಿನೇಳು ಗಾಯ ಅಂತ ಬರದಾರ. ಇರಬಹುದು. ಹೊಡ್ಯಾಂವ ಎಣಸಂಗಿಲ್ಲ.

ಮತ್ತ ನಿನ್ನ ಎತ್ತಿಕಂಡು ಹೋದಾಂವ ಯಾರು? ಅದನ್ನ ಯಾಕ ಮರೀತಿ? ನಾನ! ಈ ಕೈಯಾಗ ಎತ್ತಿ, ಗೂಡ್ಸ್ ಆಟೋ ನಿಲ್ಲಿಸಿ, ತೊಡಿ ಮ್ಯಾಲೆ ನಿನ್ನ ತಲಿ ಇಟ್ಕಂಡು ದವಾಖಾನಿಗೆ ತಂದೆ. ನಿನ್ನ ರಕ್ತ ನನ್ನ ಪ್ಯಾಂಟಿನಾಗ ಒಣಗಿ ಗರಿ ಗರಿ ಆಗಿತ್ತು. ದವಾಖಾನಿ ಮೆಟ್ಟಲ ಮ್ಯಾಲೆ ಶಿಲ್ಪಶ್ರೀ, ನಾ ತೆಗದು ಓದಿದ ಫೋನು ಹಿಡಕಂಡು ಓಡಿ ಬಂದು ನನ್ನ ಕೊರಳಪಟ್ಟಿ ಹಿಡದು ಬಡಕಂಡ್ಲು, ಕೂಸು ಅಂದ್ರ ಹಿಟ್ಟಣ್ಣ, ಬ್ರೆಡ್ಡಿನ ಹಿಟ್ಟು ಅಂತ. ಅವಾಗ ಗೊತ್ತಾತು ನನಗ. ಅವಾಗ. ಅದಕ್ಕಿಂತ ಮೊದಲು ಗೊತ್ತಿರಲಿಲ್ಲ. ಕೇಳಿಸಿತೇನು? ಅಲ್ಲಿ, ಮೆಟ್ಟಲ ಮ್ಯಾಲೆ, ಅಕಿ ಬಾಯಿಂದ ಮೊದಲನೇ ಸಲ ಕೇಳಿದೆ. ಅದ ಕಡೀ ಮಾತು ಅಕಿ ನನ್ನ ಕೂಡ ಆಡಿದ್ದು. ಒಂದ ಮನ್ಯಾಗ ಅದೀವಿ, ನಾ ಬಂದ್ರ ಎದ್ದು ಹೋಗ್ತಾಳ. ನನ್ನ ತಾಟು ನಮ್ಮವ್ವನ ತೊಳೀಬೇಕು.

ನೀ ಏನರ ಅನ್ನಬಾರ್ದೇನಲೇ! ಒಂದು ಹೂಂ, ಒಂದು ಊಹೂಂ! ಕುಂತು ಕುಂತು ನೋಡ್ತಿ, ಬರೇ ನೋಡ್ತಿ! ಈ ಬ್ರೆಡ್ ಇದ್ದಂಗ ಅದಿ ನೀನು. ಹಿಂಗ ಅಮುಕಿದ್ರ… ನೋಡು… ಮತ್ತ ಮ್ಯಾಲೇಳ್ತೈತಿ. ಇನ್ನೊಮ್ಮೆ… ಮತ್ತ! ಏನು ಬೆರಸ್ತೀರಿ ಇದರಾಗ? ಹಿಂಗ ಗುದ್ದಿದ್ರ? ಹಿಂಗ! ಹಿಂಗ!

…

ಹೋಗ್ಲಿ. ಟೇಬಲ್ ಒಂದೀಟು ಹೊಲಸಾತು. ಒರಸ್ತೀನಿ ತಡಿ. ಎದಿ ಮ್ಯಾಲೆ ಕೈ ಇಟ್ಕಂಡು ಕುಂತೀಯಲ್ಲ, ಹೆದರಿದ್ಯಾ? ನಿನಗ ಅಲ್ಲಪ್ಪ ಹೊಡದಿದ್ದು, ಬ್ರೆಡ್ಡಿಗೆ.

ಕೇಳು, ಮೆತ್ತಗ ಹೇಳ್ತೀನಿ. ನಮ್ಮ ವಕೀಲ ವೆಂಕಟೇಶ್ ನನಗ ಹೇಳ್ಯಾನ. ತಪ್ಪು ತಿಳಕಂಡು, ಸಿಟ್ಟಿನ ಭರದಾಗ ಆತು ಅಂದ್ರ ಅದು ಒಂದು ಕೇಸು. ತಿಳದು ತಿಳದು, ನಿಮ್ಮ ಓಣಿಯಾಂವ ಅಂತ ಹೊಡದ ಅಂದ್ರ ಅದು ಬ್ಯಾರೆ ಕೇಸು. ಅದರಾಗ ಹೋದ್ರ ಹೊರಗ ಬರೋದು ಯಾವಾಗೋ. ಹೊರಗ ಬಂದ ಬರ್ತೀನಿ ಒಂದಿನ, ಅದನ್ನೂ ತಿಳಕ. ನಿಂದು ಎಡಗೈ ಇನ್ನೂ ಚೊಲೋ ಐತಿ… ಥೂ! ಅನ್ನಬಾರ್ದಿತ್ತು. ಅನ್ನಲಿಲ್ಲ ಅಂತ ತಿಳಕ. ಬಾಯಿಗೆ ಬಂದು ಬಿಡ್ತೈತಿ. ನಮ್ಮಪ್ಪಂದು ಬಾಯಿ ಇದು, ನಂದಲ್ಲ.

ಅವತ್ತಿಂದು ನಿನಗ ಎಷ್ಟು ನೆನಪೈತಿ? ಡಾಕ್ಟ್ರು ನಿಮ್ಮಪ್ಪಗ ಹೇಳಿದ್ದು ನಾ ಕೇಳೀನಿ, ಗೋಡಿ ಮರಿಯಾಗ ನಿಂತಿದ್ದೆ. ತಲಿಗೆ ಪೆಟ್ಟಾಗೈತಿ, ಅವತ್ತಿಂದು ನೆನಪಿರಬಹುದು, ಇಲ್ಲದನೂ ಇರಬಹುದು ಅಂದ್ರು. ಅದನ್ನ ಕೇಳಾಕ ಬಂದೀನಿ ಖರೆ ಅಂದ್ರ. ರಾಡು ನೆನಪೈತೇನು? ಕೈ ಮುರದದ್ದು? ಕೈ ಮುರದ ಮ್ಯಾಲೆ, ದವಡಿ ಮುರಿಯೋಕಿಂತ ಮೊದಲು… ಆ ನಡುವಿಂದು? ಅದು ನೆನಪೈತೇನು? ಕಣ್ಣು ಯಾಕ ಮುಚ್ಚಿದಿ? ಕಣ್ಣು ತೆಗಿ. ಪಂಪೇಶ, ಕಣ್ಣು ತೆಗಿಯಪ್ಪ. ಮೌನ ಅಂದ್ರ ಒಪ್ಪಿಗಿ ಅಂತಾರ ದೊಡ್ಡೋರು, ನಿನ್ನ ಮೌನ ಯಾವುದಕ್ಕ ಒಪ್ಪಿಗಿ ಅಂತ ನಾ ತಿಳೀಲಿ? ಇಪ್ಪತ್ತೆರಡು ದಿನದಿಂದ ನಿದ್ದಿ ಇಲ್ಲಲೇ ನನಗ. ಹಿಟಾಚಿ ಮ್ಯಾಲೆ ಕುಂತ್ರ ಬಕೆಟ್ಟಿನಾಗ ನಿನ್ನ ಮುಖ ಕಾಣ್ತೈತಿ. ನೆನಪಿಲ್ಲ ಅಂತ ಅಂದುಬಿಡು, ನಾ ಎದ್ದು ಹೋಗ್ತೀನಿ. ನೆನಪಿಲ್ಲ ಹೌದಲ್ಲ?

ಏನದು? ಒಳಗ ಏನೋ ಗಂಟಿ ಹೊಡ್ಯಾಕತ್ತೈತಿ. ಹೊಡೀಲಿ ಬಿಡು. ಏಯ್, ಎಲ್ಲಿ ಎದ್ದಿ? ಕುಂದ್ರು! ಮಾತು ಮುಗದಿಲ್ಲ. ಕುಂದ್ರಲೇ! ಏನು… ಏನಂದಿ? ತಂತಿ ಒಳಗ ಏನೋ ಗೊಣಗಿದಿ. ಇನ್ನೊಮ್ಮೆ ಅನ್ನು. ಇನ್ನೊಮ್ಮೆ!

…

ಹಿಟ್ಟು.

ಹಿಟ್ಟು ಅಂದಿ.

ಇಪ್ಪತ್ತೆರಡು ದಿನಕ್ಕ ಬಾಯಿ ತೆಗದಿ, ಅದನ್ನ ಅಂದಿ. ಅಂದ್ರ… ನೆನಪೈತಿ. ಎಲ್ಲಾ ನೆನಪೈತಿ ನಿನಗ! ಇಷ್ಟೊತ್ತೂ ಇಟ್ಕಂಡು ಕುಂತಿದ್ದಿ! ನಾ ಅಂಚು, ಕರಬೂಜ, ಬಾಳಿಹಣ್ಣು ಅಂತ ಬಡಬಡಿಸಿಕಂತ ಕುಂತೀನಿ, ನೀ ಎಲ್ಲಾ ಬಲ್ಲಾಂವ, ಸುಮ್ನ ನೋಡಿಕಂತ ಕುಂತಿ!

ಹೌದಲೇ! ಹೌದು! ಅಂದಿದ್ದಿ ನೀನು! ಮೊದಲನೇ ಏಟಿಗೇ ಅಂದಿದ್ದಿ. ಕೈ ಹಿಡಕಂಡು, ಧೂಳಾಗ ಕುಂತು, ಜಂಬಣ್ಣಾ ಕೂಸು ಅಂದ್ರ ಹಿಟ್ಟು, ಬ್ರೆಡ್ಡಿನ ಹಿಟ್ಟು, ಶಿಲ್ಪಶ್ರೀನ್ನ ಕೇಳು, ಅಕಿ ನನಗೂ ತಂಗೀನ ಅಂತ. ಚೊಲೋ ಬಾಯಿ ಇತ್ತು ಅವಾಗ ನಿಂದು. ಸ್ಪಷ್ಟ ಕೇಳಿಸ್ತು ನನಗ. ಕೇಳಿಸಿದ್ದಷ್ಟ ಅಲ್ಲ, ತಿಳೀತು. ಆ ಹುಳಿ ವಾಸನಿ, ಆ ಮುಚ್ಚೋದು, ಆ ತೆಗೆಯೋದು, ಎಲ್ಲಾ ಒಮ್ಮೆಗೇ ತಿಳೀತು. ಕೈಯಾಗಿನ ರಾಡು ಕೆಳಗೂ ಇಳೀತು. ಇಳೀತು, ನೋಡೀಯಲ್ಲ ನೀನು? ಅಲ್ಲಿಗೆ ಮುಗೀತಿತ್ತು. ಒಂದು ಕೈ ಮುರದಿತ್ತು, ಅಷ್ಟರಾಗ ಮುಗೀತಿತ್ತು.

ನೀ ನಕ್ಕಿ.

ಅಳಕಂತ ನಕ್ಕಿ. ಉಳದೆ ಅಂತ ನಕ್ಕಿ, ಗೊತ್ತು ನನಗ, ನನ್ನ ನೋಡಿ ನಗಲಿಲ್ಲ ನೀನು, ಜೀವ ಉಳೀತು ಅಂತ ನಕ್ಕಿ. ಆದ್ರ ನನಗ ನಾಳೆ ಕಂಡಿತು. ನಿಮ್ಮ ಓಣಿ ಕಟ್ಟಿ ಕಂಡಿತು. ಹಿಟ್ಟಿನ ಸಲುವಾಗಿ ಬಡದಾಡಿದ ಜಂಬುನಾಥ ಅಂತ ನೀವೆಲ್ಲಾ ಕುಂತು ನಗೋದು ಕಂಡಿತು. ನಾ ನಿಮ್ಮನಿ ಬಾಗಲಿಗೆ ಬಂದು, ಹುಲುಗಮ್ಮನ ಮುಂದ ನಿಂತು, ತಪ್ಪಾತು ಯವ್ವಾ ಅನ್ನೋದು ಕಂಡಿತು. ಬೊಗಸಿ ಒಡ್ಡಿದಾಕಿ ಮುಂದ! ಆಗಲಿಲ್ಲ ನನ್ನ ಕೈಲೆ. ರಾಡು ಎತ್ತಿದೆ. ಬಾಯಿಗೇ ಹೊಡದೆ. ಬೇಕಂತಲೇ ಬಾಯಿಗೆ. ಆ ಹಿಟ್ಟು ಅನ್ನೋ ಮಾತು ಆ ಬಾಯಾಗಿಂದ ಮತ್ತ ಹೊರಗ ಬರಬಾರ್ದು ಅಂತ. ಉಳಿದ ಹದಿನಾರೂ ಅದಕ್ಕ. ಒಂದು ಏಟು ತಪ್ಪು ತಿಳಕಂಡು ಬಿದ್ದಿದ್ದು, ಉಳಿದಿದ್ದೆಲ್ಲಾ ತಿಳದು ಬಿದ್ದಿದ್ದು. ಆತಲ್ಲ? ಇದನ್ನ ಕೇಳಬೇಕಿತ್ತಲ್ಲ ನಿನಗ? ಕೇಳಿಸಿತಾ? ಹೋಗು, ನಾಳೆ ಹೇಳು…

ಆ ಗಂಟಿ ಇನ್ನೂ ಯಾಕ ಹೊಡಕಂತೈತಿ?

ಯಾಕ ಹಂಗ ನಿಂತಿ? ಯಾಕ ಹಂಗ ನೋಡ್ತಿ… ಈಗ, ಇದ ಮೊದಲು ಕೇಳಿದಾಂವನಂಗ ನೋಡ್ತಿ. ಕಣ್ಣಾಗ ನೀರು ಯಾಕ ಬಂತು? ಎಡಗೈ ಒಳಗ ತೋರಿಸ್ತಿ… ಅಲ್ಲೇನೈತಿ? ಆ ಒಳಗಿನ ಕಿಡಕ್ಯಾಗ? ಡಬ್ಬಿ… ಬಟ್ಟಿ ಮ್ಯಾಲೇಳ್ತಾ ಐತಿ ಅದರದ್ದು, ಹೊರಗ ಬರಾಕತ್ತೈತಿ… ಅದಕ್ಕ ಎದ್ದ್ಯೇನು ನೀನು? ಹಿಟ್ಟಿನ ಹೊತ್ತಾತು ಅಂತ ಗಂಟಿ ಹೊಡೀತು, ಅದನ್ನ ನೋಡಬೇಕು ಅಂತ… ಆ ಹಿಟ್ಟಿಗೆ ಹಿಟ್ಟು ಅಂದ್ಯೇನು?

ಪಂಪೇಶಾ. ನಿನಗ ಅವತ್ತಿಂದು ನೆನಪಿತ್ತಲ್ಲ? ಇತ್ತು, ಹೌದಲ್ಲ? ನಾ ಹೇಳೋಕಿಂತ ಮೊದಲ ಗೊತ್ತಿತ್ತಲ್ಲ ನಿನಗ?

ಬ್ಯಾಡ… ಇಲ್ಲ ಅಂತ ತಲಿ ಅಲ್ಲಾಡಿಸಬ್ಯಾಡಲೇ.